ಮುಂದಿನ ಗಾಲಿ

…ಟೈರ್ ಹಾಕಿದ್ದಾತು, ಗಾಲಿ ತಿರುಗಿ ಕೂಡಸ್ರಿ ಅಂದ್ರ ಅದರ ಹೊಟ್ಟಿ ಯಾಕ ಬಿಚ್ಚಾಕ ಹತ್ತೀರಿ, ಮಹಾಲಿಂಗಪ್ಪ? ಇಂಜಿನ್ನು, ಪೆಟ್ರೋಲ್ ಟಾಕಿ, ಚೈನು, ಟೈರು. ನಾಲ್ಕು ಕೆಲಸ. ನಂಬರ್ ಹಾಕಿ ಚೀಟಿ ಬರದು ಕೊಟ್ಟೇನಿ. ಬ್ರೇಕ್ ಬಿಚ್ಚೂದು ಅದರಾಗ ಎಲ್ಲಿ ಅದ, ತೋರಸ್ರಿ ನನಗ.

ಪಾನಾ ನೆಲದ ಮ್ಯಾಲ ಇಡಬ್ಯಾಡ್ರಿ. ಅರಿವಿ ಹಾಸೇನಿ, ಅದರ ಮ್ಯಾಲ. ಹಾಂ, ಹಂಗ.

ತಲಿ ಅಲ್ಲಾಡಿಸಿದ್ರ ನಾನೇನು ತಿಳಕೋಬೇಕು? …ಗೊತ್ತದ, ಗೊತ್ತದ. ಬಿಚ್ಚಿ ನೋಡದ್ದಕ್ಕ ಸಹಿ ಹಾಕೂದಿಲ್ಲ. ಖಡಕಿ ಮಿಲಿಟರಿ ವರ್ಕ್‌ಶಾಪಿನ್ಯಾಗ ಯುದ್ಧದ ಆರೂ ವರ್ಷ ನಿಮಗ ಹಂಗ ಕಲಿಸ್ಯಾರ. ಮೊದಲನೇ ದಿನನ ಹೇಳಿದ್ರಿ. ನಾಲ್ಕು ದಿನದಾಗ ನೀವು ಬಾಯಿ ಬಿಟ್ಟು ಆಡಿದ್ದು ಅದೊಂದ ಮಾತು. ನಮ್ಮ ಸಾವಂತ್ರವ್ವ ಚಹಾ ತಂದಿಟ್ಟು ಹೋಗಿ ಒಳಗ ನನ್ನ ಕೇಳ್ತಾಳ, ಬಾಯಾರ, ಈ ಮಿಸ್ತ್ರಿಗೆ ಮಾತು ಬರ್ತಾವೋ ಇಲ್ಲೋ ಅಂತ. ಬರ್ತಾವ, ಆದ್ರ ಪಾನಾ ಹಂಗ ಒಂದೊಂದ ಹೊರಗ ತಗೀತಾರ, ಬೇಕಾದ ಅಳತಿದು ಸಿಕ್ರ ಮಾತ್ರ ಅಂದೆ. ನಗಬ್ಯಾಡ್ರಿ. ಹೊಗಳೇ ಹೇಳಿದ್ದು ನಾನು. ಈ ಊರಾಗ ಮಿಸ್ತ್ರಿಗಳಿಗೇನು ಕಡಿಮಿಲ್ಲ. ಆದ್ರ ಕನ್ನಡ ಓದಾಕ ಬರೂವ, ಸುಳ್ಳು ಹೇಳದವ, ಬೆಳಗಾಂವ ಕಡಿಯವ, ಇಂಥವ ಬೇಕಾಗಿತ್ತು ನನಗ. ಹುಡುಕಿ ಹುಡುಕಿ ನಿಮ್ಮನ್ನ ಕರಿಸೇನಿ.

ಕಾಗದ ಇನ್ನೊಮ್ಮೆ ಓದ್ಲೇನು? ಓದ್ತೀನಿ, ಕೇಳ್ರಿ. 'ಈ ಮೋಟಾರ್ ಸೈಕಲ್ಲಿನ ಬ್ರೇಕುಗಳನ್ನು ನಾನು ಪರೀಕ್ಷಿಸಿದ್ದೇನೆ. ಕೊನೆಯದಾಗಿ ಅವುಗಳಿಗೆ ಕೈ ಹಾಕಿದವರ ಅಜಾಗ್ರತೆಯಿಂದಲೇ ಅವು ಕೆಲಸ ಮಾಡದಂತಾಗಿದ್ದವು.' ಎರಡ ವಾಕ್ಯ. ಒಂದಕ್ಷರ ಹೆಚ್ಚಿಲ್ಲ. ಕೆಳಗ ನಿಮ್ಮ ಹೆಸರು, ತಾರೀಖು. ಈಗ ಒಂಬತ್ತೂವರಿ. ಹನ್ನೊಂದಕ್ಕ ಅವರು ಬರ್ತಾರ. ಅಷ್ಟರಾಗ ಗಾಡಿ ಅಂಗಳದಾಗ ನಿಂತಿರಬೇಕು, ಈ ಕಾಗದಕ್ಕ ಸಹಿ ಬಿದ್ದಿರಬೇಕು.

ಯಾರು ಅಂತ ನೀವು ಕೇಳೂದಿಲ್ಲ. ಕೇಳದಿದ್ರೂ ಹೇಳ್ತೀನಿ. ಸಹಿ ಹಾಕಾವರಿಗೆ ಯಾತಕ್ಕ ಹಾಕ್ತೀನಿ ಅನ್ನೂದು ಗೊತ್ತಿರಬೇಕು.

ಮಾರ್ತಾಂಡರಾವ್. ನಮ್ಮ ಯಜಮಾನರ ಗೆಳೆಯರು. ಗೆಳೆಯರು ಅಂತ ಇನ್ನೂ ಬಾಯಾಗ ಬರ್ತದ ನೋಡ್ರಿ, ನಾಲಗಿಗೆ ರೂಢಿ. ಇಬ್ರೂ ಧಾರವಾಡದಾಗ ಕೂಡಿ ಕಲಿತವರು, ಪುಣೆಕ್ಕ ಕೂಡಿ ಬಂದವರು, ಕಾಲುವಿ ಖಾತೆಯೊಳಗ ಒಂದ ಕಚೇರಿ, ಒಂದ ಪಗಾರ. ಈ ಗಾಡಿನೂ ಅವರಿಬ್ರೂ ಕೂಡೇ ಹೋಗಿ ಮುಂಬಯಿಯಿಂದ ಹೊಡಕೊಂಡು ಬಂದಿದ್ರು. ಬೋರಘಾಟ ಏರಿ ಬಂದು, ಮೈತುಂಬ ಧೂಳು ಮೆತ್ತಿಕೊಂಡು, ಈ ಅಂಗಳದಾಗ ನಿಂತು ಇಬ್ರೂ ಸಣ್ಣ ಹುಡುಗರ ಹಂಗ ನಕ್ಕಿದ್ದು ಇನ್ನೂ ಕಣ್ಣಾಗ ಅದ. ಕಾಲು ತೊಳಕೊಂಡು ಒಳಗ ಬರ್ರಿ ಅಂದೆ ನಾನು. ಅಷ್ಟ ಅಂದದ್ದು. ಅದಕ್ಕೂ ನಕ್ರು.

ಇವತ್ತು ಅವರು ಬರೂದು ಯಾಕ ಗೊತ್ತದೇನು? ನನ್ನ ಮಗಳನ್ನ ಕೇಳಾಕ. ಅವರ ಮಗ ಏಕನಾಥಗ ನಮ್ಮ ಇಂದೂನ್ನ ಮಾಡಿಕೊಡ್ರಿ ಅಂತ ಕೇಳಾಕ. ಕಾಲೇಜಿನ್ಯಾಗ ನೋಡಿಕೊಂಡಾವಂತ, ಇಬ್ರಿಗೂ ಒಪ್ಪಿಗಿ ಅಂತ. ಮಾರ್ತಾಂಡರಾವ್ ಪತ್ರ ಬರದ್ರು. 'ನನ್ನನ್ನು ನೀವು ಒಳಗೆ ಕರೆಯದಿದ್ದರೂ ಸರಿ, ಮಕ್ಕಳಿಗಾಗಿ ಒಂದು ಮಾತು' ಅಂತ. ನಾ ಉತ್ತರ ಬರದೆ. ಬರ್ರಿ ಅಂತ. ಆದಿತ್ಯವಾರ, ಹನ್ನೊಂದಕ್ಕ ಸರಿಯಾಗಿ, ಮಗನ್ನೂ ಕರಕೊಂಡು ಬರ್ರಿ ಅಂತ. ಭಾಳ ಮರ್ಯಾದಿಯಿಂದ ಬರದೇನಿ.

ಇಂದೂಗೆ ಏನನಿಸ್ಯದ ಗೊತ್ತದೇನು? ಈ ಗಾಡಿ ಅಳಿಯಗ ಉಡುಗೊರಿ ಅಂತ. ಮೊನ್ನೆ ನೀವು ಟಾಕಿಯೊಳಗ ಹರಳು ತುಂಬಿ ಜಂಗು ಉದುರಲಿ ಅಂತ ಅಲ್ಲಾಡಸ್ತಿದ್ರಿ ನೋಡ್ರಿ, ಓಣಿ ಮಂದಿ ಎಲ್ಲಾ ಕಿವಿ ಮುಚ್ಚಿಕೊಂಡ್ರು. ಅಕಿ ಮಾಳಗಿ ಮ್ಯಾಲ ನಿಂತು ಆ ಸಪ್ಪಳಕ್ಕ ತಾಳ ಹಾಕ್ತಿದ್ಲು. ನಿನ್ನೆ ತಾನ ಬಂದು ಹ್ಯಾಂಡಲ್ ತಿಕ್ಕ್ಯಾಳ. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸುಳ್ಳು ಹೇಳೂದು ಬ್ಯಾರೆ, ಸುಮ್ಮನಿರೂದು ಬ್ಯಾರೆ. ಅಲ್ಲೇನು?

ಹೋಗ್ಲಿ.

ಹಿಂಗ ಮಾಡ್ರಿ. ಅವರು ಟಾಂಗಾ ಇಳಿದು ಓಣಿ ಬಾಯಾಗ ಬಂದಾಗ ನಾ ಕೈ ಎತ್ತತೀನಿ. ನೀವು ಕಿಕ್ ಒದೀರಿ. ನಿನ್ನೆ ಮಧ್ಯಾಹ್ನ ಒದ್ದ ಹಂಗ, ಎರಡನೇದಕ್ಕ ಹತ್ತಬೇಕು. ಪಿಸ್ಟನ್ ಕಲ್ಲಾಗಿ ಕೂತಿತ್ತು, ಪ್ಲಗ್ಗಿನ ತೂತಿನ್ಯಾಗ ಚಿಮಣಿ ಎಣ್ಣಿ ಸುರುವಿ ಎರಡು ದಿನ ನೆನಿಯಾಕ ಬಿಟ್ರಿ, ಆಗೂದಿಲ್ಲ ಅಂದುಕೊಂಡಿದ್ದೆ. ನಿನ್ನೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮ್ಯಾಲ ಆ ಸಪ್ಪಳ. ಎಂಟು ವರ್ಷದ ಮ್ಯಾಲ. ನೀವು ನನ್ನ ಮುಖ ನೋಡಿದ್ರಿ. ಹೊಗಿ ಹೋಗಿತ್ತು ಕಣ್ಣಾಗ, ಮತ್ತೇನಲ್ಲ.

ಆ ಸಪ್ಪಳ ಕೇಳಿ ಅವರ ಕಾಲು ಅಲ್ಲೇ ನಿಲ್ಲಬೇಕು. ಮಗ, ಯಾಕಪ್ಪಾ, ಏನಾತು ಅಂತ ಕೇಳಬೇಕು. ಆಮ್ಯಾಲ ನಾ ಅಂಗಳಕ್ಕ ಕರೀತೀನಿ. ಚಹಾ ಇಲ್ಲ, ಕುರ್ಚಿ ಇಲ್ಲ. ಈ ಕಾಗದ ಕೈಯಾಗ ಕೊಡ್ತೀನಿ. ಓದ್ರಿ. ಗಟ್ಯಾಗಿ ಓದ್ರಿ, ನಿಮ್ಮ ಮಗನ ಮುಂದ, ನನ್ನ ಮಗಳ ಮುಂದ. ಓದಿದ ಮ್ಯಾಲ ಕೇಳ್ರಿ, ಇವಳಪ್ಪನ್ನ ಕೊಂದ ಮನಿಗೆ ಇವಳನ್ನ ಕಳಸ್ತೀರೇನು ಅಂತ.

ಯಾಕ ಕೈ ನಿಂತು? ಕಠಿಣ ಆತೇನು? ಆಗಲಿ. ಕಠಿಣ ಆಗಲಿ ಅಂತನ ಮಾಡಾಕ ಹತ್ತೇನಿ. ಎಂಟು ವರ್ಷ ಅವರು ಆರಾಮ ಇರಲಿಲ್ಲ ಅಂತ ಮಂದಿ ನನಗ ಹೇಳ್ತಾರ. ಅಂದಿನಿಂದ ಗಾಡಿ ಮುಟ್ಟಿಲ್ಲಂತ. ಕಚೇರಿಗೆ ನಡಕೋತ ಹೋಗ್ತಾರಂತ. ಪ್ರತಿ ವರ್ಷ ತಿಥಿ ದಿನ ಬರ್ತಾರ, ಹೊರಗ ಕಟ್ಟಿ ಮ್ಯಾಲ ಕೂಡ್ತಾರ, ಹೋಗ್ತಾರ. ಒಳಗ ಬರ್ರಿ ಅಂತ ನಾ ಅಂದಿಲ್ಲ. ಎಂಟು ತಿಥಿ. ಕಿಟಕಿಯಿಂದ ನೋಡ್ತಿರ್ತೀನಿ. ಬೆನ್ನು ಕಾಣ್ತದ. ವರ್ಷ ವರ್ಷ ಬಗ್ಗಿಕೋತ ಹೊಂಟದ ಆ ಬೆನ್ನು. ಅದು ಸಾಲದು ನನಗ. ತಾವ ಕೊಟ್ಟುಕೊಂಡ ಶಿಕ್ಷಾ ಶಿಕ್ಷಾ ಆಗೂದಿಲ್ಲ. ನಾ ಕೊಡಬೇಕು.

ಹ್ಯಾಂಗಾತು ಅಂದ್ರ… ಸೀದಾ ಅದ. ಹಿಂದಿನ ಬ್ರೇಕ್ ಸಡಿಲ ಆಗಿತ್ತು. ಆದಿತ್ಯವಾರ ಮಾರ್ತಾಂಡರಾವ್ ಬಂದು ಬಿಗಿ ಮಾಡಿದ್ರು, ಇದ ಅಂಗಳದಾಗ ಕೂತು. ಮಂಗಳವಾರ ಮುಂಜಾನೆ ನಮ್ಮವರು ಭೋರ್ ಊರಿಗೆ ಹೊಂಟ್ರು, ಕಾಲುವಿ ಕೆಲಸಕ್ಕ. ಕಾತ್ರಜದ ತನಕ ಸಪಾಟ, ಆಮ್ಯಾಲ ಘಾಟಿನ ಏರು. ಗುಡ್ಡ ಕೊರದ ಬೊಗದಾ ದಾಟಿದ ಮ್ಯಾಲ ಇಳುಕಲು. ಅಲ್ಲಿ ಮೂರನೇ ತಿರುವಿನ್ಯಾಗ… ಎತ್ತಿನ ಗಾಡಿಯವರು ನೋಡ್ಯಾರ. ಬ್ರೇಕ್ ಒತ್ತತಿದ್ರಂತ. ಕಾಲಿಲೇನೂ, ಕೈಲೇನೂ. ಗಾಡಿ ನಿಲ್ಲಲಿಲ್ಲ. ಪೊಲೀಸರು ಅತಿ ವೇಗ ಅಂತ ಬರದು ಮುಗಿಸಿದ್ರು.

ಇದು ನನ್ನ ಊಹಾ ಅಲ್ಲ. ಮಾರ್ತಾಂಡರಾವ್ ತಾವ ಒಪ್ಪಿಕೊಂಡಾರ. ದವಾಖಾನಿ ವರಾಂಡಾದಾಗ, ಮಂದಿ ಮುಂದ, ನನ್ನ ಕಾಲ ಬಳಿ ಕೂತು. 'ಹಿಂದಿನ ಬ್ರೇಕು ನಾನ ಬಿಗಿ ಮಾಡಿದ್ದೆ, ಪಂಕಜಾಕ್ಷಿಬಾಯಿ. ಎಲ್ಲೋ ತಪ್ಪೇನಿ. ನಾನ ತಪ್ಪೇನಿ.' ಅಂದ್ರು. ನಾ ಹೂಂ ಅಂದೆ. ಸಾಕ್ಷಿ ಹೇಳಾವರು ಬೇಕಾದಷ್ಟು ಮಂದಿ ಇದ್ರು. ಆದ್ರ ಬಾಯಿ ಮಾತು ಕಾಗದ ಆಗೂದಿಲ್ಲ.

ಬಿಚ್ಚೂದ ಬಿಚ್ಚೂದು ಅಂದ್ರ ಹಿಂದಿನದು ಬಿಚ್ಚ್ರಿ. ಹಿಂದಿನದಷ್ಟ. ಅವರು ಕೈ ಹಚ್ಚಿದ್ದು ಅದಕ್ಕ.

…ಸಾವಕಾಶ. ಬ್ರೇಕಿನ ತಟ್ಟಿ ಹಿಡಕೊಂಡದೇನು? ಜಂಗು ಹತ್ತಿರಬೇಕು. ಎಂಟು ಮಳಿಗಾಲ ಈ ಕೋಣೆಯೊಳಗ ನಿಂತದ. ಬಾಗಲಾ ನಾ ತಗದಿಲ್ಲ, ಯಾರಿಗೂ ತಗಿಯಾಕ ಕೊಟ್ಟಿಲ್ಲ. ಯುದ್ಧದಾಗ ಎಷ್ಟ ಮಂದಿ ಕೇಳಿದ್ರು, ಮಾರ್ರಿ, ಕೆಲಸಕ್ಕ ಬರ್ತದ ಅಂತ. ಪೆಟ್ರೋಲ್ ಕೂಪನ್ನಿನ ಮ್ಯಾಲ ಸಿಗೂ ಕಾಲಕ್ಕ ಗಾಡಿ ಯಾರು ಇಟ್ಟುಕೊಳ್ತಾರ ಅಂದ್ರು. ನಾ ಕೊಡಲಿಲ್ಲ.

ಬಂತೇನು?

ಏನದು? …ಪಟ್ಟಿ ಮ್ಯಾಲ. ಅಂಟಂಟು. ಗ್ರೀಸ್ ಇರಬೇಕು. ಮಾರ್ತಾಂಡರಾವರ ಕೈಯಾಗಿನ ಗ್ರೀಸು. ಅಲ್ಲೇನು? ಗ್ರೀಸ್ ಹಳೇದಾದ್ರ ಕರ್ರಗ ಆಗ್ತದ, ಇದು ಜೇನಿನ ಬಣ್ಣ ಅದ ಅಂತೀರಿ… ಹೌದು, ನನಗೂ ಕಾಣ್ತದ. ಬೆರಳಾಗ ತಿಕ್ಕಿ ಮೂಸಿದ್ರ ಏನು ತಿಳೀತದ, ಎಂಟು ವರ್ಷದ್ದು?

ಎಣ್ಣಿ ಅಂತಿಟ್ಟುಕೊಳ್ರಿ. ಆತು, ತೆಳ್ಳನ ಎಣ್ಣಿ. ಬ್ರೇಕಿನ ಪಟ್ಟಿಗೆ ಎಣ್ಣಿ ಕುಡಿಸಿದ್ರ ಅದು ಹಿಡಿಯೂದಿಲ್ಲ, ಇಷ್ಟಂತೂ ನನಗೂ ಗೊತ್ತದ. ಅಂದ್ರ ನಮ್ಮ ಕಾಗದದಾಗ ಬರದದ್ದು ಅಕ್ಷರ ಅಕ್ಷರ ಖರೇ ಆತು. ಅಜಾಗ್ರತೆ. ತಗೋರಿ ಪೆನ್ನು. ಮಸಿ ತುಂಬೇನಿ.

ಕೈ ಒರೆಸಿಕೊಳ್ರಿ ಮೊದಲ.

ಮಹಾಲಿಂಗಪ್ಪ, ಪೆನ್ನು ಇಲ್ಲಿ ಅದ. ಅತ್ತಾಗ ಎಲ್ಲಿಗೆ ಹೊಂಟ್ರಿ? …ಮುಂದಿನದು ಬ್ಯಾಡ. ಮುಂದಿನ ಗಾಲಿ ಬ್ಯಾಡ ಅಂದೆ. ಅವರು ಅದನ್ನ ಮುಟ್ಟಿಲ್ಲ, ಅದಕ್ಕೂ ಈ ಕಾಗದಕ್ಕೂ ಸಂಬಂಧಿಲ್ಲ. ವ್ಯಾಳ್ಯಾ ಆಗ್ತದ. ಹತ್ತೂ ಕಾಲಾತು. ಕೂಡಸೂದು ಯಾವಾಗ? ನಾ ಹೇಳಿದ್ದು ಕೇಳಸ್ತದೋ ಇಲ್ಲೋ?

'ಬ್ರೇಕುಗಳನ್ನು' ಅಂತ ನಾನ ಬರದೇನಿ… ಹೌದು, ಬೆರಳಿಟ್ಟು ತೋರಸಬ್ಯಾಡ್ರಿ, ನನಗ ಓದಾಕ ಬರ್ತದ. ಬ್ರೇಕುಗಳು. ಎರಡು. ಬೇಕಾದ್ರ ತಿದ್ದಿ ಬರಕೊಡ್ತೀನಿ. ಒಂದ ನಿಮಿಷದ ಕೆಲಸ.

…

ಬಿಚ್ಚಿದ್ರಿ.

ಹೂಂ. ಅದರಾಗೂ ಅದ. ಕಾಣ್ತದ ನನಗ. ಎರಡೂ ತಂದು ಅರಿವಿ ಮ್ಯಾಲ ಜೋಡಿಸಿ ಯಾಕ ಇಟ್ರಿ? ಅಣ್ಣ ತಮ್ಮ ಇದ್ದಂಗ ಅವ ಅಂತ ತೋರಸಾಕೇನು?

ನೋಡ್ರಿ, ಹಿಂಗೂ ಆಗಿರಬಹುದು. ಘಾಟಿನ್ಯಾಗ ಉರುಳಿ ಬಿದ್ದಾಗ ಇಂಜಿನ್ನಿನ ಎಣ್ಣಿ ಚೆಲ್ಲಿ ಒಳಗ ಇಳದಿರಬಹುದು. …ಅದರ ಬಣ್ಣ ಬ್ಯಾರೆ? ಅದೂ ಕರ್ರಗ? ಹಂಗಾರ ಎತ್ತಿನ ಗಾಡಿಯೊಳಗ ಹಾಕಿ ತಂದಾಗ ಯಾವುದರ ಡಬ್ಬಿ… ಇಲ್ಲ. ನೀವು ನಂಬೂದಿಲ್ಲ. ನಾನೂ ನಂಬ್ತಿದ್ದಿಲ್ಲ, ಯಾರರ ನನಗ ಹೇಳಿದ್ರ.

ಹಂಗಾರ ಮಾರ್ತಾಂಡರಾವ್ ತಾವ ಎರಡಕ್ಕೂ ಎಣ್ಣಿ ಬಿಟ್ಟಾರ. ಹಿಂದಿನದಷ್ಟ ಅಂತ ಸುಳ್ಳು ಹೇಳ್ಯಾರ.

ಯಾಕ ನನ್ನ ಹಂಗ ನೋಡ್ತೀರಿ? ಇಪ್ಪತ್ತು ವರ್ಷ ಗಾಡಿ ಹೊಡದವ ಬ್ರೇಕಿಗೆ ಎಣ್ಣಿ ಬಿಡೂದಿಲ್ಲ ಅಂತ ನಿಮ್ಮ ವಿಚಾರ. ಬಿಡೂದಿಲ್ಲ, ಒಪ್ಪಿದೆ. ಗಾಡಿ ಬಲ್ಲವರು ಯಾರೂ ಬಿಡೂದಿಲ್ಲ. ಗಾಡಿ ತಿಳೀದವರು ಬಿಟ್ಟಿರ್ತಾರ. ಕಿರಗುಟ್ಟೂದು ನಿಲ್ಲಲಿ ಅಂತ ಯಾರರ ಬಿಟ್ಟಿರಬೇಕು. ಆದಿತ್ಯವಾರ ಬಿಗಿ ಮಾಡಿದ ಮ್ಯಾಲಂತೂ ಅದು ಹೆಂಗ ಕಿರಗುಡ್ತಿತ್ತು ಅಂದ್ರ, ಓಣಿ ಆ ತುದಿಯಿಂದ ಈ ತುದಿ ತನಕ… ಕೇಳಿದವರ ಹಲ್ಲು…

…

ಕಿರಗುಡ್ತಿತ್ತು ಅಂತ ನಾ ನಿಮಗ ಮೊದಲ ಹೇಳಿರಲಿಲ್ಲ. ನಾಲ್ಕು ದಿನದಾಗ ಎಲ್ಲಾ ಹೇಳೇನಿ, ಅದೊಂದು ಹೇಳಿರಲಿಲ್ಲ.

ಆ ಅರಿವಿ ಮಡಿಕಿ ಏನು ನೋಡ್ತೀರಿ. ನನ್ನ ಕಡೆ ನೋಡ್ರಿ. ಇಲ್ಲ, ನನ್ನ ಕಡೆನೂ ಬ್ಯಾಡ.

ಬೆಳಗಾಂವದಾಗ ಕಾನ್ವೆಂಟಿನ್ಯಾಗ ಇದ್ದೆ ನಾನು, ಏಳು ವರ್ಷ. ಸಿಸ್ಟರ್‌ಗೋಳು ಒಬ್ಬೊಬ್ಬ ಹುಡುಗಿಗೆ ಒಂದೊಂದು ಕೆಲಸ ಹಚ್ಚಿದ್ರು. ಒಬ್ಬಾಕಿಗೆ ದೀಪ, ಒಬ್ಬಾಕಿಗೆ ಹೂದಾನಿ. ನನಗ ಬಾಗಲಾ. ಇಡೀ ಶಾಲಿದು ಮೂವತ್ತಾರು ಬಾಗಲಾ, ಅವುಗಳ ತಿರುಗಣಿಗೆ ಪ್ರತಿ ಶನಿವಾರ ಎಣ್ಣಿ. ಪ್ರಾರ್ಥನಾ ನಡದಾಗ ಒಂದು ಬಾಗಲಾ ಕಿರ್ ಅಂದ್ರ, ಆ ರಾತ್ರಿ ನನಗ ಊಟ ಇಲ್ಲ. ಏಳು ವರ್ಷದಾಗ ಎರಡ ಸಲ ಉಪವಾಸ ಮಲಗೇನಿ. ಅಷ್ಟ ಅಚ್ಚುಕಟ್ಟು ನಾನು. ಕಿರ್ ಅನ್ನೂದು ಕೇಳಿದ್ರ ಇವತ್ತಿಗೂ ನನ್ನ ಕೈ ಸುಮ್ಮನ ಕೂಡೂದಿಲ್ಲ.

ಸೋಮವಾರ ಸಂಜಿಕಡೆ. ಇವರು ಕಚೇರಿಯಿಂದ ಬಂದ್ರು, ಬಾಗಲದಾಗ ಗಾಡಿ ನಿಲ್ಲಿಸಿದ್ರು, ಕಿರ್ ಅಂತು. ಎದುರಿನ ಮನಿ ಕೃಷ್ಣಾಬಾಯಿ ಜೋಗೆ ಮ್ಯಾಲ ಸಜ್ಜಾದ ಕಟಕಟಿಗೆ ನಿಂತು ಮರಾಠಿಯೊಳಗ ಏನೋ ಅಂದು ನಕ್ಳು, ನಿಮ್ಮ ಮನಿ ಹಂದಿ ಬಂತು ನೋಡ್ರಿ ಅಂದಂಗ. ಇವರು ಜಳಕಕ್ಕ ಹೋದ್ರು. ನಾ ಹೊಲಿಗಿ ಮಷೀನಿನ ಎಣ್ಣಿ ತಗೊಂಡು ಹೊರಗ ಬಂದೆ. ಮುಂದಿನದಕ್ಕೂ, ಹಿಂದಿನದಕ್ಕೂ. ಸಂದಿಯೊಳಗ ಎಣ್ಣಿ ಡಬ್ಬಿ ಮೂತಿ ತೂರಿಸಿ. ಒಂದೆರಡು ಹನಿ ಅಲ್ಲ, ಮಹಾಲಿಂಗಪ್ಪ. ನಾನು ಅರ್ಧಾಮರ್ಧಾ ಕೆಲಸ ಮಾಡೂದಿಲ್ಲ. ಹೊರಗ ಹರದದ್ದು ಒರಸಿ, ತಿರುಗಿ ಒಮ್ಮೆ ಬಿಟ್ಟೆ.

ಮುಂಜಾನೆ ಡಬ್ಬಿ ಕೊಡಾಕ ಬಾಗಲಾದಾಗ ನಿಂತಿದ್ದೆ. ಇವರು ಗಾಡಿ ಅಂಗಳದಾಗ ಹಿಂದ ಮುಂದ ದೂಡಿ ನೋಡಿದ್ರು. ಸಪ್ಪಳ ಇಲ್ಲ. 'ನೋಡು, ಮಾರ್ತಾಂಡನ ಕೈಗುಣ. ಒಂದು ದಿನ ಕೂಗಿ ತಾನ ಸುಮ್ಮನಾತು' ಅಂದ್ರು. ಅವನಲ್ಲ, ನಾನು ಅನ್ನಾಕ ಬಾಯಿ ತಗದಿದ್ದೆ. ಹಿಂದೊಮ್ಮೆ ಇದರ ದೀಪ ಒರಸಾಕ ಹೋಗಿ ತಂತಿ ಕಿತ್ತಿದ್ದೆ, ಅವತ್ತು ನಾಲ್ಕು ಮಂದಿ ಮುಂದ ನಕ್ಕಿದ್ರು ನನ್ನ. ಇನ್ನ ಮುಟ್ಟಬ್ಯಾಡ ತಾಯಿ ಅಂತ ಕೈ ಮುಗದಿದ್ರು. ಅದು ನೆನಪಾತು. ಬಾಯಿ ಮುಚ್ಚಿದೆ.

ಹೇಳಿದ್ರ ನಗತಿದ್ರು. ಹುಚ್ಚಿ ಅಂತಿದ್ರು. ಗಾಲಿ ಬಿಚ್ಚಿ ಒರಸಿ ಹೋಗ್ತಿದ್ರು. ಕಚೇರಿಗೆ ಒಂದು ತಾಸು ತಡ ಆಗ್ತಿತ್ತು.

ಆಗ ಗೊತ್ತಿರಲಿಲ್ಲ ನನಗ. ದೇವರಾಣಿ ಗೊತ್ತಿರಲಿಲ್ಲ. ಇಪ್ಪತ್ತು ದಿನದ ಮ್ಯಾಲ ಸೈಕಲ್ ಅಂಗಡಿಯವ ಗಿರಾಕಿಗೆ ಬೈಯಾಕ ಹತ್ತಿದ್ದ, ಬ್ರೇಕಿಗೆ ಯಾರರ ಎಣ್ಣಿ ಬಿಡ್ತಾರೇನು, ಸಾಯಬೇಕಂತ ಮಾಡಿಯೇನು ಅಂತ. ನಾ ರಸ್ತೆದಾಗ ನಿಂತುಬಿಟ್ಟೆ. ಅವತ್ತ ಮನಿಗೆ ಬಂದು ಈ ಕೋಣೆಗೆ ಕೀಲಿ ಹಾಕಿದ್ದು.

ಮಾರ್ತಾಂಡರಾವರಿಗೆ ಅವತ್ತ ಹೇಳಬಹುದಾಗಿತ್ತು. ವರ್ಷಾಂತಿಕಕ್ಕ ಬಂದು ಕಟ್ಟಿ ಮ್ಯಾಲ ಕೂತ್ರಲ್ಲ, ಆಗ ಹೇಳಬಹುದಾಗಿತ್ತು. ಆದ್ರ ಅವರು… ಅವರು ಒಂದು ಮಾತು ಕೇಳಲಿಲ್ಲ ನನಗ. ಬಿಚ್ಚಿ ನೋಡೋಣು ಅನ್ನಲಿಲ್ಲ. ನಾನ ತಪ್ಪೇನಿ ಅಂದ್ರು, ತಗೊಂಡು ಹೋದ್ರು ಅಷ್ಟನ್ನೂ ಹೆಗಲ ಮ್ಯಾಲ ಹೊತ್ತುಕೊಂಡು. ಅಷ್ಟು ಸಲೀಸಾಗಿ ಯಾಕ ಹೊತ್ತುಕೋಬೇಕಾಗಿತ್ತು? ಅದಕ್ಕ ಅವರ ಮ್ಯಾಲ ನನಗ ಸಿಟ್ಟು. ಖರೇ ಸಿಟ್ಟು ಅದು, ನಾಟಕ ಅಲ್ಲ. ಆ ಬೆನ್ನು ನೋಡಿದಾಗೆಲ್ಲಾ ಎದಿ ಉರೀತದ. ಸಹಿ ಹಾಕಿದ ಕಾಗದ ಒಂದು ಇದ್ರ, ಓದಿ ಓದಿ ನಾನೂ ನಂಬಿಬಿಡ್ತೀನಿ ಅನಿಸಿತ್ತು. ಎಂಟು ವರ್ಷಕ್ಕ ಎಣ್ಣಿ ಆರಿ ಹೋಗಿರ್ತದ ಅಂತ ತಿಳಿದಿದ್ದೆ.

ಏನರ ಅನ್ರಿ. ಒಂದು ಮಾತು. ಬೈರಿ ಬೇಕಾದ್ರ.

…ಪೆಟ್ರೋಲ್ ಬಟ್ಟಲಾ ಯಾಕ ತಗೊಂಡ್ರಿ?

ತೊಳಿಯಾಕ ಹತ್ತೀರಿ.

ಯಾರೂ ಹೇಳಲಿಲ್ಲ ನಿಮಗ. ನಾ ಹೇಳಲಿಲ್ಲ. …ಎಷ್ಟು ಬೇಗ ಹೋಗ್ತದ ನೋಡ್ರಿ. ಹೊಸಾದರ ಹಂಗ ಆತು ಹಿಂದಿನದು. ತೊಳದ್ರ ಯಾರಿಗೂ ತಿಳಿಯೂದಿಲ್ಲ. ನೀವಂತೂ ಬಾಯಿ ಬಿಡಾವರಲ್ಲ. ಕಾಗದ ಹರದು ಹಾಕಿದ್ರಾತು, ಒಳಗ ಕರದು ಚಹಾ ಕೊಟ್ರಾತು, ಮದುವಿ ಮಾಡಿದ್ರಾತು. ಎಲ್ಲಾ ಮರತು ದೊಡ್ಡ ಮನಸ್ಸು ಮಾಡಿದ್ಲು ಅಂತ ಊರಾಗ ಅಂತಾರ ನನಗ. ಅವರು ಮತ್ತಷ್ಟು ಬಗ್ಗಿ ನನಗ ಕೈ ಮುಗೀತಾರ. ಕ್ಷಮಾ ಮಾಡಿದ್ರಿ, ಪಂಕಜಾಕ್ಷಿಬಾಯಿ ಅಂತಾರ.

ಕ್ಷಮಾ. ಅವರಿಗೆ ನಾನು.

ಟಾಂಗಾ ಬಂತು. ಕೇಳಿಸ್ತೇನು? ಇನ್ನೂ ಹತ್ತು ನಿಮಿಷ ಅದ ಹನ್ನೊಂದಕ್ಕ. ಯಾವಾಗಲೂ ಮೊದಲ ಬರ್ತಾರ ಅವರು.

ಆ ಬಟ್ಟಲಾ ಕೆಳಗಿಡ್ರಿ. ನೆಲದ ಮ್ಯಾಲ ಆದ್ರೂ ನಡೀತದ, ಇಡ್ರಿ.

ಇಂದೂ… ಇಂದೂ, ಅವರನ್ನ ಪಡಸಾಲಿಗೆ ಕರೀಬ್ಯಾಡ. ಇಲ್ಲಿ, ಗಾಡಿ ಕೋಣೆಗೆ ಕರಕೊಂಡು ಬಾ. ಏಕನಾಥನೂ ಬರಲಿ. ನೀನೂ ಬಾ.

ಕೊಡ್ರಿ ಅದನ್ನ ನನ್ನ ಕೈಯಾಗ, ಮಹಾಲಿಂಗಪ್ಪ. ಹಿಂದಿನದು ತೊಳದ್ರಿ, ಹೋಗ್ಲಿ. ಮುಂದಿನದು ತೊಳೀಬ್ಯಾಡ್ರಿ. ಅದಕ್ಕ ಅವರು ಕೈ ಹಚ್ಚೇ ಇರಲಿಲ್ಲ.